ಮಾಲ್ದೀವ್ಸ್‌ನ ಇಂಗ್ಲಿಷ್ ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು

ಬಿ.ಎಡ್. ಮುಗಿಸಿ ಮಾಲ್ದೀವ್ಸ್‌ನ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ರಜೆಗೆ ಊರಿಗೆ ಬಂದಾಗ ಅವರ ಬಾಯಲ್ಲಿ ಒಂದೇ ದೂರು ಕೇಳಿ ಬರ್ತದೆ. ಸಂಬಳದ ದೂರಲ್ಲ, ಊಟದ ದೂರೂ ಅಲ್ಲ. ‘ಅಲ್ಲಿಯ ಮಕ್ಕಳಿಗೆ ಕಲಿಯುವ ಮನಸ್ಸೇ ಇಲ್ಲ. ಪ್ರಶ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ. ಡೆಸ್ಕಿನ ಮೇಲೆ ತಲೆ ಇಟ್ಟು ಮಲಗ್ತಾರೆ. ಭಾರೀ ಉದಾಸೀನ ಮಾರಾಯ್ರೆ.’ ಕುಳಿತು ಕೇಳುವ ಉಮ್ಮ, ಮಾಮ, ನೆರೆಕರೆಯವರು ಎಲ್ಲರೂ ತಲೆಯಾಡಿಸ್ತಾರೆ. ‘ಟೂರಿಸ್ಟ್ ದುಡ್ಡು ಇರುವ ದೇಶ ಅಲ್ವಾ, ಮಕ್ಕಳಿಗೆ ಓದು ಯಾಕೆ ಬೇಕು’ ಅಂತ ಯಾರಾದರೂ ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ಆದರೆ ಈ ಮಾತು ಅಷ್ಟಕ್ಕೇ ಮುಗಿಯಬಾರದು ಎಂಬುದು ನಮ್ಮ ಅಭಿಪ್ರಾಯ. ದೂರು ಹೇಳುವವರು ನಮ್ಮ ಮಕ್ಕಳು, ದೂರು ಹೇಳಿಸಿಕೊಳ್ಳುವವರು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು. ಇಬ್ಬರ ಪರವಾಗಿಯೂ ಸ್ವಲ್ಪ ಯೋಚಿಸಬೇಕಾದದ್ದು ಉಂಟು.

ಇಂಗ್ಲಿಷ್ ಪಾಠದ ವಿಷಯದಲ್ಲಿ ಮದ್ರಸದ ಮುಅಲ್ಲಿಮರಿಗೆ ಎಂತ ಕೆಲಸ ಅಂತ ಕೆಲವರು ಕೇಳಬಹುದು. ಕೇಳಲಿ. ನಾವು ಪಿಯುಸಿ ದಾಟಿದವರಲ್ಲ, ನಮ್ಮ ಇಂಗ್ಲಿಷ್ ಬ್ಯಾಂಕಿನ ಚಲನ್ ತುಂಬುವಷ್ಟರದ್ದು. ಆದರೆ ಇಪ್ಪತ್ತು ವರ್ಷದಿಂದ ಪ್ರತಿದಿನ ಬೆಳಗ್ಗೆ ಹದಿಮೂರು ವರ್ಷದ ಮಕ್ಕಳ ಎದುರು ನಿಂತಿದ್ದೇವೆ. ಆ ವಯಸ್ಸಿನವರು ಯಾವಾಗ ಬಾಯಿ ಮುಚ್ಚುತ್ತಾರೆ, ಯಾವಾಗ ತೆರೆಯುತ್ತಾರೆ ಎಂಬುದು ನಮಗೆ ಗೊತ್ತಿರುವ ಒಂದೇ ವಿದ್ಯೆ.

ಮೊದಲು ಆ ದೇಶದ ಸಂಗತಿ. ಸುಮಾರು 1,200 ಸಣ್ಣ ದ್ವೀಪಗಳು, ಅದರಲ್ಲಿ ಜನ ವಾಸ ಮಾಡುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ಜನಸಂಖ್ಯೆ 5 ಲಕ್ಷದ ಆಸುಪಾಸು, ಅದರಲ್ಲಿ ದೊಡ್ಡ ಪಾಲು ರಾಜಧಾನಿ ಮಾಲೆಯಲ್ಲೇ. ಉಳಿದ ಎಷ್ಟೋ ದ್ವೀಪಗಳಲ್ಲಿ ಇರುವುದು ಐನೂರೋ ಸಾವಿರವೋ ಜನ, ಅಂದರೆ ನಮ್ಮ ಒಂದು ಜಮಾಅತ್‌ನಷ್ಟು. ಮನೆಯಲ್ಲಿ ಎಲ್ಲರೂ ಮಾತಾಡುವುದು ದಿವೇಹಿ. ಆದರೆ 1960ರ ದಶಕದಲ್ಲಿ ಮಾಲೆಯ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಬಂತು, ಆಮೇಲೆ ಅದು ದೇಶಕ್ಕೆಲ್ಲ ಹಬ್ಬಿತು. ಈಗ ದಿವೇಹಿ ಮತ್ತು ಇಸ್ಲಾಂ ಪಾಠ ಬಿಟ್ಟರೆ ಗಣಿತ, ವಿಜ್ಞಾನ, ವ್ಯಾಪಾರಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲೇ. ಹತ್ತನೇ ತರಗತಿಯಲ್ಲಿ ಮಕ್ಕಳು ಬರೆಯುವುದು ಕೇಂಬ್ರಿಡ್ಜ್, ಎಡೆಕ್ಸೆಲ್ ಎಂಬ ಬ್ರಿಟನ್ನಿನ ಮಂಡಳಿಗಳ ಪರೀಕ್ಷೆ. ಇದಕ್ಕೆಲ್ಲ ಬೇಕಾಗುವಷ್ಟು ಶಿಕ್ಷಕರು ಅಲ್ಲಿ ಸಿಗದ ಕಾರಣ ಭಾರತದವರನ್ನು ಕರೆಸಿಕೊಳ್ತಾರೆ. ಹೆಚ್ಚಿನವರು ಕೇರಳ, ತಮಿಳುನಾಡಿನವರು. ಅಷ್ಟಲ್ಲದಿದ್ದರೂ ನಮ್ಮ ಕರಾವಳಿಯವರೂ ಹೋಗ್ತಾರೆ.

ಹೀಗೆ ಹೋದ ಒಬ್ಬಳು ನಮ್ಮ ತಂಗಿಯ ಮಗಳು. ಅವಳಿರುವ ದ್ವೀಪದ ಹೆಸರು, ಶಾಲೆಯ ಹೆಸರು ಇಲ್ಲಿ ಬೇಡ. ಅವಳು ಕಲಿಸುವುದು ಏಳು ಮತ್ತು ಎಂಟನೇ ತರಗತಿಗೆ. ಕ್ಲಾಸಿನಲ್ಲಿ ಹದಿನೆಂಟು ಮಕ್ಕಳು. ನಮ್ಮ ಊರಿನ ಅರುವತ್ತು ಮಕ್ಕಳ ಕ್ಲಾಸು ನೋಡಿದವರಿಗೆ ಇದು ಸ್ವರ್ಗ ಅನಿಸಬೇಕು. ಮೊದಲ ತಿಂಗಳು ಅವಳು ಫೋನಿನಲ್ಲಿ ಹೇಳಿದ್ದು ಬೇರೆ: ‘ಮಾಮ, ಅರುವತ್ತು ಮಕ್ಕಳ ಗಲಾಟೆಯನ್ನಾದರೂ ಸಹಿಸಬಹುದು, ಹದಿನೆಂಟು ಮಕ್ಕಳ ಮೌನ ಸಹಿಸಲಿಕ್ಕೆ ಆಗುವುದಿಲ್ಲ.’ ಪ್ರಶ್ನೆ ಕೇಳಿದರೆ ಮುಂದಿನ ಸಾಲಿನ ಒಂದು ಹುಡುಗಿ ಮಾತ್ರ ಉತ್ತರ ಕೊಡುವುದು. ಉಳಿದವರ ಕಣ್ಣು ಕಿಟಕಿಯ ಹೊರಗೆ. ಹಿಂದಿನ ಸಾಲಿನ ಹುಡುಗರು ಕುರ್ಚಿಯಲ್ಲಿ ಜಾರಿ ಕುಳಿತವರು ಕುಳಿತ ಹಾಗೇ. ಬೋರ್ಡಿನಲ್ಲಿ ನೋಟ್ಸ್ ಬರೆದುಕೊಟ್ಟರೆ ಮಾತ್ರ ಎಲ್ಲರೂ ಚಂದದ ಅಕ್ಷರದಲ್ಲಿ ಬರೆದುಕೊಳ್ತಾರೆ. ಬರೆದದ್ದರಲ್ಲಿ ಒಂದು ವಾಕ್ಯವನ್ನು ಬಾಯಲ್ಲಿ ಹೇಳು ಅಂದರೆ ಮತ್ತೆ ಕಿಟಕಿ.

ನಮ್ಮ ಕಡೆ ಉದಾಸೀನ ಎಂಬ ಶಬ್ದಕ್ಕೆ ಸೋಮಾರಿತನ ಎಂಬ ಅರ್ಥವೇ ನಿಂತುಬಿಟ್ಟಿದೆ. ಏಳಲಿಕ್ಕೆ ಉದಾಸೀನ, ಮೀಯಲಿಕ್ಕೆ ಉದಾಸೀನ, ಓದಲಿಕ್ಕೆ ಉದಾಸೀನ. ಹೀಗಾಗಿ ಬಾಯಿ ಬಿಡದ ಮಗುವನ್ನು ನೋಡಿದ ಕೂಡಲೇ ನಮಗೆ ಸೋಮಾರಿ ಕಾಣಿಸ್ತದೆ. ಆದರೆ ಆ ಹುಡುಗರನ್ನೇ ಸಂಜೆ ನೋಡಬೇಕಂತೆ. ಅಸರ್ ಆದ ಮೇಲೆ ಮೈದಾನದಲ್ಲಿ ಫುಟ್‌ಬಾಲ್, ಕತ್ತಲಾಗುವವರೆಗೆ ನಿಲ್ಲಿಸುವುದಿಲ್ಲ. ಹಬ್ಬದ ದಿನಗಳಲ್ಲಿ ಬೊಡುಬೆರು ಎಂಬ ದೊಡ್ಡ ಡೋಲು ಬಾರಿಸಲು ಕುಳಿತರೆ ಕೈ ಕೆಂಪಾಗುವ ತನಕ ಬಾರಿಸ್ತಾರೆ. ರಾತ್ರಿ ಮೊಬೈಲಿನ ಆಟದಲ್ಲಿ ಬೇರೆ ಯಾವುದೋ ದೇಶದವರ ಜೊತೆ ಇಂಗ್ಲಿಷಿನಲ್ಲೇ ಬೊಬ್ಬೆ ಹಾಕ್ತಾರೆ. ಸೋಮಾರಿಗಳು ಹೀಗಿರುವುದಿಲ್ಲ.

ಹಾಗಾದರೆ ಕ್ಲಾಸಿನಲ್ಲಿ ಎಂತ ಆಗ್ತದೆ? ಆರುನೂರು ಜನರ ದ್ವೀಪವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಲಾಸಿನ ಹದಿನೆಂಟು ಮಕ್ಕಳಲ್ಲಿ ಅರ್ಧದಷ್ಟು ಮಂದಿ ಒಬ್ಬರಿಗೊಬ್ಬರು ಸಂಬಂಧಿಕರು. ಬೆಳಗ್ಗೆ ಹತ್ತು ಗಂಟೆಗೆ ಒಬ್ಬ ಹುಡುಗ ಒಂದು ಇಂಗ್ಲಿಷ್ ಶಬ್ದ ತಪ್ಪು ಹೇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದು ಅವನ ಮನೆ ತಲುಪಿರ್ತದೆ. ಸಂಜೆ ಮೈದಾನದಲ್ಲಿ ಅದೇ ಅವನ ಅಡ್ಡಹೆಸರು. ಹದಿಮೂರು ವರ್ಷದವನಿಗೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಉತ್ತರ ಗೊತ್ತಿದ್ದರೂ ಸುಮ್ಮನಿರುವುದು ಅವನ ಲೆಕ್ಕದಲ್ಲಿ ಜಾಣತನ. ಇನ್ನೊಂದು ಸಂಗತಿ, ಟೀಚರ್ ಕೇಳುವ ಪ್ರಶ್ನೆಯ ಉತ್ತರ ಟೀಚರಿಗೆ ಮೊದಲೇ ಗೊತ್ತಿರ್ತದೆ. ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳಿ ಮರ್ಯಾದೆ ಕಳಕೊಳ್ಳಲು ಯಾರು ತಯಾರಿರ್ತಾರೆ?

ಇದು ನಮ್ಮವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥ ಆಗಬೇಕಾಗಿತ್ತು. ಬ್ಯಾರಿ ಮನೆಯ ಮಗು ಮೂರು ವರ್ಷದವರೆಗೆ ಕೇಳುವುದು ಬ್ಯಾರಿ ಭಾಷೆ. ಅಂಗಳ ದಾಟಿದರೆ ತುಳು. ಮದ್ರಸಕ್ಕೆ ಬಂದರೆ ಅರಬಿ, ಅರಬಿ ಅಕ್ಷರದಲ್ಲಿ ಬರೆದ ಮಲಯಾಳಂ. ಶಾಲೆಯಲ್ಲಿ ಕನ್ನಡ, ಅದರ ಹಿಂದೆಯೇ ಇಂಗ್ಲಿಷ್. ಈ ಆರರಲ್ಲಿ ಮಗುವಿಗೆ ಕನಸು ಬೀಳುವುದು ಒಂದರಲ್ಲಿ ಮಾತ್ರ. ಅದನ್ನು ಶಾಲೆಯಲ್ಲಿ ಕೇಳುವವರೇ ಇರಲಿಲ್ಲ. ನಮ್ಮ ತಲೆಮಾರಿನವರಲ್ಲಿ ಕನ್ನಡ ಶಾಲೆಯ ಮೊದಲ ಎರಡು ವರ್ಷ ಒಂದು ಮಾತೂ ಆಡದೆ ಕಳೆದವರು ಎಷ್ಟು ಮಂದಿ ಇಲ್ಲ! ಬಾಯಿ ಬಿಟ್ಟರೆ ಉಚ್ಚಾರಕ್ಕೆ ಕ್ಲಾಸಿಡೀ ನಗು. ಆಗ ನಮ್ಮ ಬಗ್ಗೆಯೂ ಸ್ಟಾಫ್ ರೂಮಿನಲ್ಲಿ ಹೇಳಿದ್ದು ಇದೇ ಮಾತು: ಇವರಿಗೆ ಓದು ಬೇಡ, ಹತ್ತನೇ ಕ್ಲಾಸ್ ಮುಗಿದರೆ ಗಲ್ಫಿಗೆ ಹೋಗುವವರು. ಅದೇ ಬೆಂಚಿನಿಂದ ಎದ್ದು ಬಂದವರ ಮಕ್ಕಳು ಇವತ್ತು ಇನ್ನೊಂದು ದೇಶದಲ್ಲಿ ಟೀಚರ್ ಆಗಿ ನಿಂತು, ಅಲ್ಲಿಯ ಮಕ್ಕಳ ಬಗ್ಗೆ ಅದನ್ನೇ ಹೇಳುವಾಗ ನಮಗೆ ಕಸಿವಿಸಿ ಆಗ್ತದೆ.

ದಿವೇಹಿ ಮಗುವಿನ ತಲೆಯ ಮೇಲಿರುವ ಭಾರವನ್ನೂ ನೋಡಬೇಕು. ಅವರ ಭಾಷೆಗೆ ತಾನಾ ಎಂಬ ಸ್ವಂತ ಲಿಪಿ ಉಂಟು, ಅದನ್ನು ಬಲದಿಂದ ಎಡಕ್ಕೆ ಬರೆಯುವುದು. ಈ ಲಿಪಿಯ ಮೊದಲ ಒಂಬತ್ತು ಅಕ್ಷರಗಳ ಆಕಾರ ಬಂದದ್ದು ಅರಬಿ ಅಂಕಿಗಳಿಂದ. ಒಂದು, ಎರಡು, ಮೂರು ಎಂಬ ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಜಾಣರು ಅವರು. ಕುರ್‌ಆನ್ ಓದುವುದೂ ಬಲದಿಂದ ಎಡಕ್ಕೆ. ಇಂಗ್ಲಿಷ್ ಪುಸ್ತಕ ಬಿಡಿಸಿದಾಗ ಮಾತ್ರ ಕಣ್ಣು ಎಡದಿಂದ ಬಲಕ್ಕೆ ಓಡಬೇಕು. ಅದರಲ್ಲಿ ಬರುವ ಮಾತು ಮನೆಯಲ್ಲಿ ಇಲ್ಲ, ಅಂಗಡಿಯಲ್ಲಿ ಇಲ್ಲ, ಮಸೀದಿಯಲ್ಲಿ ಇಲ್ಲ. ಟೂರಿಸ್ಟ್ ರಿಸಾರ್ಟುಗಳು ಹೆಚ್ಚಾಗಿ ಬೇರೆ ದ್ವೀಪಗಳಲ್ಲಿ, ಆ ದ್ವೀಪಗಳಲ್ಲಿ ಊರಿನ ಮನೆಗಳೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಮಾತಾಡಲೇಬೇಕಾದ ಒಬ್ಬರೇ ಒಬ್ಬರು ಆ ಮಗುವಿನ ಊರಿನಲ್ಲಿ ಇದ್ದರೆ ಅದು ಹೊರಗಿನಿಂದ ಬಂದ ಟೀಚರ್.

ಅಲ್ಲಿಗೇ ಬರಬೇಕು ನಾವು. ಹೊರಗಿನಿಂದ ಬಂದ ಟೀಚರಿಗೆ ಆ ದ್ವೀಪದ ಬಗ್ಗೆ ಏನೂ ಗೊತ್ತಿಲ್ಲ. ನಮ್ಮವರು ಇದನ್ನು ಮುಚ್ಚಿಡಬೇಕಾದ ಕೊರತೆ ಅಂತ ತಿಳಿದಿದ್ದಾರೆ. ನಮ್ಮ ಮಟ್ಟಿಗೆ ಅವರ ಬ್ಯಾಗಿನಲ್ಲಿರುವ ಅತಿ ಒಳ್ಳೆಯ ಪಾಠೋಪಕರಣ ಅದೇ.

ತಂಗಿಯ ಮಗಳ ಕ್ಲಾಸಿನಲ್ಲಿ ಆದದ್ದನ್ನು ಹೇಳಿದರೆ ಸ್ಪಷ್ಟ ಆದೀತು. ಒಂದು ದಿನ ಪಾಠದಲ್ಲಿ ಹಿಮ ಬೀಳುವ ಊರಿನ ರೈಲು ಪ್ರಯಾಣದ ವರ್ಣನೆ. ಆ ಮಕ್ಕಳು ಹಿಮ ಕಂಡವರಲ್ಲ, ರೈಲು ಕಂಡವರಲ್ಲ. ಅವಳೂ ಹಿಮ ಕಂಡವಳಲ್ಲ. ಎರಡು ಪ್ಯಾರಾ ಓದುವಾಗ ಅರ್ಧ ಕ್ಲಾಸು ಮಲಗಿತ್ತು. ಪುಸ್ತಕ ಮುಚ್ಚಿಟ್ಟು ಅವಳು ಒಂದು ಪ್ರಶ್ನೆ ಕೇಳಿದಳು. ನಿಜವಾಗಿ ಅವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ. ‘ನಮ್ಮ ಊರು ಮಂಗಳೂರು, ಅಲ್ಲಿ ದೊಡ್ಡ ಬಂದರು ಉಂಟು, ಬೋಟಿನವರು ದೊಡ್ಡ ಬಲೆ ಹಾಕಿ ಮೀನು ಹಿಡಿಯುವುದು. ನೀವು ಬಲೆ ಬೀಸದೆ ಇಷ್ಟು ಟ್ಯೂನಾ ಹೇಗೆ ಹಿಡೀತೀರಿ?’ ಕೇಳಿ, ಬೋರ್ಡಿನಲ್ಲಿ ತನಗೆ ತೋಚಿದ ಹಾಗೆ ಒಂದು ದೋಣಿ, ಅದರಲ್ಲಿ ಗಾಳ ಹಿಡಿದು ಕುಳಿತ ಒಬ್ಬ ಮನುಷ್ಯನ ಚಿತ್ರ ಬರೆದಳು.

ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಆ ವರ್ಷ ಅವನ ಬಾಯಿಯಿಂದ ಹೊರಬಂದ ಮೊದಲ ಶಬ್ದ ‘ನೋ’. ಕುಳಿತು ಹಿಡಿಯುವುದಲ್ಲ, ನಿಂತು. ಒಬ್ಬನಲ್ಲ, ಸಾಲಾಗಿ ಎಂಟು ಹತ್ತು ಜನ. ಅವನಿಗೆ ಚಾಕ್‌ಪೀಸ್ ಕೊಟ್ಟಳು. ಎದ್ದು ಬಂದ. ದೋಣಿಯ ಹಿಂಭಾಗ ಅಗಲ ಮಾಡಿದ, ಅಲ್ಲಿ ಜನರನ್ನು ನಿಲ್ಲಿಸಿದ. ಜೀವಂತ ಸಣ್ಣ ಮೀನು ನೀರಿಗೆ ಎಸೆಯಬೇಕು, ಮೇಲಿನಿಂದ ನೀರು ಚಿಮ್ಮಿಸಬೇಕು. ಆಗ ಟ್ಯೂನಾ ಹಿಂಡು ನೀರಿನ ಮೇಲ್ಗಡೆ ಸಣ್ಣ ಮೀನು ತುಂಬ ಉಂಟೆಂದು ಭ್ರಮಿಸಿ ನುಗ್ಗಿ ಬರ್ತದೆ. ಗಾಳಕ್ಕೆ ಮುಳ್ಳು ಇರುವುದಿಲ್ಲ, ಕೋಲು ಎತ್ತಿ ಬೀಸಿದರೆ ಮೀನು ತನ್ನಷ್ಟಕ್ಕೆ ಕಳಚಿ ಹಿಂದೆ ಬೀಳ್ತದೆ. ಇಷ್ಟನ್ನು ಹೇಳಲು ಅವನಲ್ಲಿದ್ದ ಇಂಗ್ಲಿಷ್ ಶಬ್ದ ಹತ್ತೋ ಹನ್ನೆರಡೋ. ಉಳಿದದ್ದು ಕೈಸನ್ನೆ. ಶಬ್ದ ಸಿಗದಲ್ಲಿ ಬೇರೆಯವರು ಕೂಗಿ ಕೊಟ್ಟರು. ಮುಂದಿನ ಸಾಲಿನ ಆ ಹುಡುಗಿಗೆ ಈ ವಿಷಯ ಗೊತ್ತಿರಲಿಲ್ಲ, ಹಿಂದಿನ ಸಾಲಿಗೆ ಗೊತ್ತಿತ್ತು. ವರ್ಷದಲ್ಲಿ ಮೊದಲ ಸಲ ಕ್ಲಾಸು ತಿರುಗಿ ಕುಳಿತದ್ದು ಹಿಂದಿನ ಸಾಲಿನ ಕಡೆಗೆ.

ಅವಳು ಆ ಹೊತ್ತಿನಲ್ಲಿ ಅವನ ವ್ಯಾಕರಣ ತಿದ್ದಲಿಲ್ಲ. ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಕಲಿತವರಿಗೆ ತಪ್ಪು ಕಿವಿಗೆ ಬಿದ್ದ ಕೂಡಲೇ ತಿದ್ದದಿದ್ದರೆ ನಾಲಿಗೆ ತುರಿಸ್ತದೆ. ತಜ್‌ವೀದ್ ಪಾಠದಲ್ಲಿ ಹಾಗೆ ತಿದ್ದಲೇಬೇಕು, ಅಲ್ಲಿ ಓದುವುದು ಅಲ್ಲಾಹನ ಕಲಾಮ್, ಅಕ್ಷರ ಜಾರಿದರೆ ಅರ್ಥ ಜಾರ್ತದೆ. ಮೀನು ಹಿಡಿಯುವ ಕಥೆ ಹೇಳುವ ಹುಡುಗನಿಗೆ ಅದೇ ಅಳತೆ ಬೇಡ. ಅವನು ಕುಳಿತ ಮೇಲೆ ಅವನು ಹೇಳಿದ್ದನ್ನೇ ಅವಳು ಸರಿಯಾದ ಐದಾರು ವಾಕ್ಯ ಮಾಡಿ ಬೋರ್ಡಿನಲ್ಲಿ ಬರೆದಳು, ಅವನ ಹೆಸರು ಹಾಕಿ. ಎಲ್ಲರೂ ಬರೆದುಕೊಂಡರು. ಪಠ್ಯದಲ್ಲಿ ಇದ್ದದ್ದು ಭೂತಕಾಲದ ಕ್ರಿಯಾಪದ, ಅದು ಆ ಐದು ವಾಕ್ಯಗಳಲ್ಲೇ ಬಂತು. ರೈಲು ಮತ್ತು ಹಿಮ ಮರುದಿನಕ್ಕೆ ಹೋಯಿತು, ಅದರಿಂದ ಯಾರಿಗೂ ನಷ್ಟ ಆಗಲಿಲ್ಲ.

ಇನ್ನೊಂದು ಸಲ ಮಳೆಯ ವಿಷಯ. ಮಾಲ್ದೀವ್ಸ್‌ನ ಹಿರಿಯರಿಗೆ ನಕೈ ಎಂಬ ಪಂಚಾಂಗ ಉಂಟು. ವರ್ಷವನ್ನು 13, 14 ದಿನಗಳ 27 ಭಾಗ ಮಾಡಿ, ಯಾವ ಭಾಗದಲ್ಲಿ ಗಾಳಿ ಹೇಗೆ, ಸಮುದ್ರ ಹೇಗೆ, ಯಾವಾಗ ಮೀನಿಗೆ ಹೋಗಬಹುದು ಅಂತ ಲೆಕ್ಕ ಹೇಳ್ತಾರೆ. ಹೆಸರುಗಳನ್ನು ಕೇಳಿದರೆ ನಮ್ಮ ಗದ್ದೆಯವರಿಗೆ ನಗು ಬಂದೀತು: ಅದಾ, ಮುಲಾ. ನಮ್ಮ ಆರಿದ್ರಾ ಮಳೆ, ಮೂಲಾ ನಕ್ಷತ್ರ ಅಲ್ಲಿ ಸಮುದ್ರದ ಮಧ್ಯೆ ಹೆಸರು ಸ್ವಲ್ಪ ಬದಲಿಸಿಕೊಂಡು ಕುಳಿತಿವೆ. ಹುಡುಗರಿಗೆ ಇದು ಅಷ್ಟು ಗೊತ್ತಿಲ್ಲ, ಅಜ್ಜಂದಿರಿಗೆ ಗೊತ್ತು. ಅಜ್ಜನಲ್ಲಿ ದಿವೇಹಿಯಲ್ಲಿ ಕೇಳಿ, ಕ್ಲಾಸಿಗೆ ಬಂದು ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಬೇಕು ಅಂತ ಮನೆಗೆಲಸ. ಮರುದಿನ ಅವಳು ಆರಿದ್ರಾ ಮಳೆಯ ಸಂಗತಿ ಹೇಳಿದಳು, ಅವರು ಅದಾ ನಕೈಯ ಸಂಗತಿ ಹೇಳಿದರು. ಹೇಳಿದವರು ಹದಿನೆಂಟರಲ್ಲಿ ಹನ್ನೊಂದು ಮಂದಿ. ಉಳಿದವರಲ್ಲಿ ಒಬ್ಬ ಬರೆದು ತಂದಿದ್ದ, ಓದಲು ಒಪ್ಪಲಿಲ್ಲ. ಅವನ ಕಾಗದವನ್ನು ಅವಳೇ ಓದಿದಳು. ಇಬ್ಬರು ಹುಡುಗರು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅವರ ಮನೆಯ ಕಥೆ ಬೇರೆ ಇರಬಹುದು, ಟೀಚರಿಂದ ಎಲ್ಲವೂ ಆಗುವುದಿಲ್ಲ.

ಇಷ್ಟಾದ ಮೇಲೆ ಶಾಲೆಯಲ್ಲಿ ಎಲ್ಲರೂ ಹೊಗಳಿದರು ಅಂತ ತಿಳಿಯಬೇಡಿ. ಪಾಠ ಮುಗಿದಿಲ್ಲ, ಮಕ್ಕಳು ಗಲಾಟೆ ಮಾಡ್ತಾರೆ ಅಂತ ಅವಳಿಗೆ ಮೇಲಿನವರಿಂದ ಒಂದು ಮಾತು ಬಂತು. ಪಕ್ಕದ ಕ್ಲಾಸಿನ ಭಾರತದ ಮೇಷ್ಟ್ರೇ ದೂರು ಕೊಟ್ಟದ್ದು. ಪರೀಕ್ಷೆ ಎದುರಿರುವಾಗ ಮೀನಿನ ಕಥೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನ್ಯಾಯ. ಹತ್ತನೇ ತರಗತಿಯ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ವಂತ ವಾಕ್ಯದಲ್ಲಿ ಪತ್ರ, ವರದಿ, ವರ್ಣನೆ ಬರೆಯಬೇಕು. ಕಂಠಪಾಠದ ಪ್ರಬಂಧ ಹಾಗೇ ಬರುವುದಿಲ್ಲ. ಏಳನೇ ತರಗತಿಯಿಂದ ಬರೀ ನೋಟ್ಸ್ ಇಳಿಸಿಕೊಂಡ ಮಗುವಿಗೆ ಹತ್ತನೆಯಲ್ಲಿ ಸ್ವಂತ ವಾಕ್ಯ ಎಲ್ಲಿಂದ ಬರಬೇಕು? ವಾರದ ಎಲ್ಲ ಪೀರಿಯಡ್ ಮೀನಿಗೆ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಎರಡು ಪೀರಿಯಡ್‌ನಲ್ಲಿ ಅರ್ಧರ್ಧ ಗಂಟೆ ಕೊಟ್ಟರೆ ಸಾಕು.

ಬಿ.ಎಡ್. ಪುಸ್ತಕಗಳಲ್ಲೇ ಇರುವ ಒಂದು ವಿಷಯವನ್ನು ನಮ್ಮವರು ಪರೀಕ್ಷೆ ಮುಗಿದ ದಿನ ಮರೆತು ಬಿಡ್ತಾರೆ. ಅಮೆರಿಕದ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ಕ್ಲಾಸಿನ ಮಾತುಕತೆಗಳನ್ನು ಟೇಪ್ ಮಾಡಿ ಪರೀಕ್ಷಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡ್ ಅಂತ ಅವರಿಗೆ ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದ ಆಯಿತು, ಉತ್ತರವೇ ಕೊಡದವರು ಕಡಿಮೆಯಾದರು. ಅದು ಮಕ್ಕಳ ಸ್ವಂತ ಭಾಷೆಯ ಕ್ಲಾಸುಗಳ ಮಾತು. ಪ್ರಶ್ನೆಯನ್ನು ಇಂಗ್ಲಿಷಿನಿಂದ ದಿವೇಹಿಗೆ ತಂದು, ಉತ್ತರ ಹುಡುಕಿ, ಮತ್ತೆ ಇಂಗ್ಲಿಷಿಗೆ ಕೊಂಡುಹೋಗಬೇಕಾದ ಮಗುವಿಗೆ ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ. ಬಿಸ್ಮಿ ಒಂದು ಸಲ ಪೂರ್ತಿ, ನಿಧಾನಕ್ಕೆ ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನೆ ನಿಂತರೂ ಸಾಕು. ನಿಲ್ಲುವುದು ಸುಲಭ ಅಲ್ಲ. ನಮ್ಮ ಟ್ಯೂಷನ್ ಸೆಂಟರುಗಳಲ್ಲಿ ಪಳಗಿದವರು ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಹೇಳಿ ಮುಂದಿನ ಪ್ರಶ್ನೆಗೆ ಹೋಗಿರ್ತಾರೆ. ಮೊದಲು ಪಕ್ಕದವನ ಜೊತೆ ಮೆಲ್ಲಗೆ ಮಾತಾಡಿಕೊಳ್ಳಲು ಬಿಟ್ಟರೆ ಇನ್ನೂ ಒಳ್ಳೆಯದು. ತಪ್ಪಿದರೂ ಒಬ್ಬನೇ ಅಲ್ಲ, ಇಬ್ಬರು.

ಗದರಿಸಿ, ಹೆದರಿಸಿ ಬಾಯಿ ತೆರೆಸುತ್ತೇವೆ ಎನ್ನುವವರೂ ಇದ್ದಾರೆ. ಅಲ್ಲಿ 2019ರ ಮಕ್ಕಳ ಹಕ್ಕು ರಕ್ಷಣಾ ಕಾಯ್ದೆ ಬಂದ ಮೇಲೆ ಮಕ್ಕಳ ಮೇಲೆ ಕೈ ಎತ್ತುವಂತಿಲ್ಲ. ಎತ್ತಿದವರು ಊರಿಗೆ ಬರಬೇಕಾದೀತು. ಕಾಯ್ದೆಯ ಮಾತು ಬಿಟ್ಟರೂ, ಹೊರಗಿನವರ ಕೋಲು ಆ ದ್ವೀಪಗಳಲ್ಲಿ ಹಿಂದೆಯೂ ಬಹಳ ದಿನ ನಡೆದಿಲ್ಲ. ನಮ್ಮ ಮಂಗಳೂರನ್ನು ಮಂಜರೂರ್ ಎಂದು ಬರೆದು ಹೋದ ಪ್ರವಾಸಿ ಇಬ್ನ್ ಬತೂತ 1343-44ರಲ್ಲಿ ಮಾಲ್ದೀವ್ಸ್‌ನಲ್ಲಿ ಖಾಝಿ ಆಗಿದ್ದರು. ಜುಮುಆಕ್ಕೆ ಬಾರದವರಿಗೆ ಹೊಡೆಸಿದ್ದನ್ನು ಅವರೇ ಬರೆದಿಟ್ಟಿದ್ದಾರೆ. ತಾನು ಹೊರಡಿಸಿದ ಬೇರೆ ಕೆಲವು ಆಜ್ಞೆಗಳನ್ನು ಜನ ಪಾಲಿಸಲೇ ಇಲ್ಲ ಎಂಬುದನ್ನೂ ಬರೆದಿದ್ದಾರೆ. ಕೊನೆಗೆ ಅಲ್ಲಿಯ ವಝೀರರ ಜೊತೆ ಮನಸ್ತಾಪ ಆಗಿ ಹೊರಟು ಹೋದರು. ಅಷ್ಟು ದೊಡ್ಡ ವಿದ್ವಾಂಸರಿಗೇ ಆಗದ್ದು ಒಂದೆರಡು ವರ್ಷದ ಕಾಂಟ್ರಾಕ್ಟಿನಲ್ಲಿ ಹೋದ ಟೀಚರಿಗೆ ಆಗ್ತದೆ ಅಂತ ನಮಗೆ ಅನಿಸುವುದಿಲ್ಲ.

ಮೊಬೈಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ಬೈದು ಬೈದು ನಮ್ಮ ಗಂಟಲು ಒಣಗಿದೆ, ಅಲ್ಲಿಯವರದ್ದೂ. ಆಟದಲ್ಲಿ ಹುಡುಗ ಬಳಸುವ ಇಂಗ್ಲಿಷ್ ಶಬ್ದಗಳನ್ನು ಒಂದು ಪಟ್ಟಿ ಮಾಡಿ ತಾ ಎಂದರೆ ಮೂವತ್ತು ಶಬ್ದ ತರ್ತಾನಂತೆ. ಅದರಲ್ಲಿ ಐದನ್ನು ಅಳಿಸಬೇಕಾದೀತು, ಉಳಿದದ್ದು ಉಪಯೋಗಕ್ಕೆ ಬರ್ತದೆ.

ಹೋಗುವವರಿಗೆ ನಾವು ಒತ್ತಿ ಹೇಳುವುದು ದಿವೇಹಿ ಕಲಿಯುವ ವಿಷಯ. ‘ಇಂಗ್ಲಿಷ್ ಟೀಚರಿಗೆ ದಿವೇಹಿ ಯಾಕೆ, ಕ್ಲಾಸಿನಲ್ಲಿ ಇಂಗ್ಲಿಷೇ ಮಾತಾಡಬೇಕಲ್ಲ’ ಎಂದು ಏಜೆಂಟರು ಹೇಳ್ತಾರೆ. ಐವತ್ತು ಶಬ್ದ ಸಾಕು. ಕಲಿಯುವುದು ಮಕ್ಕಳ ಎದುರೇ ಆಗಬೇಕು, ಅವರಿಂದಲೇ ಆಗಬೇಕು. ಟೀಚರ್ ದಿವೇಹಿಯಲ್ಲಿ ಒಂದರಿಂದ ಹತ್ತು ಎಣಿಸುವಾಗ ತಡವರಿಸಿ, ತಪ್ಪಿ, ಮಕ್ಕಳು ನಕ್ಕು, ಟೀಚರೂ ನಕ್ಕು ಮತ್ತೆ ಎಣಿಸಿದರೆ ಆ ಕ್ಲಾಸಿನಲ್ಲಿ ತಪ್ಪು ಮಾಡುವುದಕ್ಕೆ ಇದ್ದ ಹೆದರಿಕೆ ಅರ್ಧ ಇಳೀತದೆ. ತಂಗಿಯ ಮಗಳು ಹೇಳುವ ಪ್ರಕಾರ ಅವಳಿಗೆ ‘ಳ’ ಅಕ್ಷರ ಸರಿ ಬಂದದ್ದಕ್ಕೆ ಮಕ್ಕಳಿಗೆ ಆಶ್ಚರ್ಯ. ನಮಗೆ ಅದರಲ್ಲಿ ಆಶ್ಚರ್ಯ ಇಲ್ಲ. ಅವರು ದೋಣಿಗೆ ಹೇಳುವುದು ‘ದೋನಿ’. ನಮ್ಮ ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಮಾತಾಡುವ ಮಹಲ್ ಭಾಷೆಯೂ ದಿವೇಹಿಯೂ ಒಂದೇ. ಅದೇ ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅಂದರೆ ಆ ಸಮುದ್ರ ನಮಗೆ ಅಷ್ಟೇನೂ ಪರದೇಶ ಅಲ್ಲ.

ಇನ್ನೊಂದು ಶಬ್ದ ಉಂಟು, ಅದನ್ನು ಪ್ರತಿ ಇಂಗ್ಲಿಷ್ ಟೀಚರ್ ಅಲ್ಲಿಯ ಮಕ್ಕಳಿಗೆ ಮೊದಲ ವಾರವೇ ಹೇಳಬೇಕು. ಹವಳದ ದ್ವೀಪಗಳ ಬಳೆಯಂತಹ ಗುಂಪಿಗೆ ಇಂಗ್ಲಿಷಿನವರು ಅಟಾಲ್ ಅಂತ ಹೇಳ್ತಾರಲ್ಲ, ಆ ಶಬ್ದ ಅವರು ತೆಗೆದುಕೊಂಡದ್ದು ದಿವೇಹಿಯಿಂದ. ಲಂಡನ್ನಿನ ಡಿಕ್ಷನರಿಯಲ್ಲಿ ಈ ಮಕ್ಕಳ ಮನೆಯ ಶಬ್ದ ಉಂಟು. ಅವಳು ಇದನ್ನು ಹೇಳಿದ ದಿನ ಡೆಸ್ಕಿನ ಮೇಲೆ ತಲೆ ಇಟ್ಟಿದ್ದ ಒಬ್ಬ ತಲೆ ಎತ್ತಿ, ‘ಬೇರೆ ಯಾವುದು ತಗೊಂಡಿದ್ದಾರೆ?’ ಅಂತ ಕೇಳಿದನಂತೆ. ಅವನು ಕೇಳಿದ್ದು ಇಂಗ್ಲಿಷಿನಲ್ಲಿ.

ನಮ್ಮ ಮನೆಯವರಿಗೂ ಎರಡು ಮಾತು. ಮಗಳೋ ಮಗನೋ ಹೊರಡುವಾಗ ಸಂಬಳ ಎಷ್ಟು, ರೂಮು ಕೊಡ್ತಾರಾ, ಎರಡು ವರ್ಷದಲ್ಲಿ ಮನೆಯ ಸಾಲ ತೀರ್ತದಾ ಅಂತ ಕೇಳುವುದು ಸರಿಯೇ. ಮನೆಯ ಕಷ್ಟ ಮನೆಯವರಿಗೇ ಗೊತ್ತು. ಆದರೆ ಫೋನ್ ಬಂದಾಗ ಒಂದು ಸಲವಾದರೂ ‘ನಿನ್ನ ಕ್ಲಾಸಿನ ಮಕ್ಕಳು ಹೇಗಿದ್ದಾರೆ, ಅವರ ಹೆಸರು ಏನು’ ಎಂದು ಕೇಳಿ. ಹದಿನೆಂಟು ಹೆಸರು ಬಾಯಿಗೆ ಬಾರದ ಟೀಚರ್ ಅಲ್ಲಿ ಇನ್ನೂ ಕೆಲಸ ಶುರು ಮಾಡಿಲ್ಲ ಅಂತಲೇ ಅರ್ಥ. ಒಬ್ಬರು ಎರಡು ವರ್ಷ ಕಲಿಸಿ ಬಂದು ಆ ದ್ವೀಪದ ಒಂದು ಮಗುವಿನ ಹೆಸರೂ ಹೇಳಲಾಗದೆ ತಡವರಿಸಿದ್ದನ್ನು ನಾವು ನೋಡಿದ್ದೇವೆ. ಅವರ ಮನೆ ಮಾತ್ರ ಎರಡು ಮಾಳಿಗೆ ಆಗಿದೆ.

ಈಗ ಇಂಟರ್ವ್ಯೂಗೆ ಡೆಮೊ ಕ್ಲಾಸ್ ತಯಾರಿ ಮಾಡುವವರು ಕನ್ನಡಿ ಎದುರು, ಇಲ್ಲವೇ ಗೆಳತಿಯರ ಎದುರು ಮಾಡ್ತಾರೆ. ಗೆಳತಿಯರು ಕೇಳಿದ್ದಕ್ಕೆಲ್ಲ ಚಂದ ಉತ್ತರ ಕೊಡ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಮದ್ರಸದಲ್ಲಿ ಎಂಟನೇ ಕ್ಲಾಸಿನ ಹದಿನಾಲ್ಕು ಮಕ್ಕಳಿದ್ದಾರೆ, ಬಾಯಿ ಮುಚ್ಚಿ ಕುಳಿತುಕೊಳ್ಳುವುದರಲ್ಲಿ ಮಾಲ್ದೀವ್ಸ್‌ನವರಿಗೆ ಕಡಿಮೆ ಇಲ್ಲ. ಹೋಗುವ ತಯಾರಿಯಲ್ಲಿರುವವರು ಬಂದು ಅವರಿಗೆ ಹದಿನೈದು ನಿಮಿಷ ಇಂಗ್ಲಿಷ್ ಕಲಿಸಿ ನೋಡಬಹುದು, ಆಡಳಿತ ಸಮಿತಿಯವರಲ್ಲಿ ನಾವು ಕೇಳಿಟ್ಟಿದ್ದೇವೆ, ಅಡ್ಡಿ ಇಲ್ಲ ಅಂದಿದ್ದಾರೆ. ಬರುವವರು ಬೆಳಗ್ಗೆ ಏಳು ಗಂಟೆಗೆ ಬರಬೇಕು. ಎಂಟೂವರೆಗೆ ಶಾಲೆಯ ಬಸ್ಸು ಬರ್ತದೆ, ಆಮೇಲೆ ಯಾರೂ ನಿಲ್ಲುವುದಿಲ್ಲ.